ಮುಧೋಳದ ಎರಡು ಪ್ರಿಂಟರು

ಗೌರೀಶನಿಗೆ ಈಗ ಐವತ್ತೊಂದು. ಅದರಲ್ಲಿ ಹತ್ತೊಂಬತ್ತು ವರ್ಷ ಬಸ್ಸಿನಲ್ಲೇ ಹೋಯಿತು ಎಂದರೆ ಸುಳ್ಳಲ್ಲ. ಮನೆ ಬನಹಟ್ಟಿಯಲ್ಲಿ. ನೌಕರಿ ಕೊಟ್ಟ ಶಿಕ್ಷಣ ಸಂಸ್ಥೆಯ ಮುಖ್ಯ ಕಚೇರಿ ಜಮಖಂಡಿಯಲ್ಲಿ. ಸಂಸ್ಥೆಯ ಕಾಲೇಜುಗಳು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಅಂತ ನಾಲ್ಕು ಊರಲ್ಲಿ. ನಾಲ್ಕೂ ಕಡೆಯ ಕಂಪ್ಯೂಟರು, ಕೇಬಲ್ಲು, ಪ್ರಿಂಟರು ಎಲ್ಲ ಅವನ ಕೊರಳಿಗೇ ಬಿದ್ದಿದ್ದವು. ಆದೇಶದಲ್ಲಿ ಹುದ್ದೆಗೆ ಏನೋ ಉದ್ದನೆಯ ಹೆಸರಿತ್ತು, ಜನ ಕರೆಯುತ್ತಿದ್ದದ್ದು ಮಾತ್ರ ಪ್ರಿಂಟರ್ ಸರ್ ಅಂತ. ಕಂಪ್ಯೂಟರ್ ಕೆಟ್ಟರೆ ನೌಕರರು ರಜೆ ಸಿಕ್ಕವರ ಹಾಗೆ ಚಹಾ ಕುಡಿಯಲು ಹೋಗುತ್ತಾರೆ. ಪ್ರಿಂಟರ್ ಕೆಟ್ಟರೆ ಮನೆಗೆ ಬೆಂಕಿ ಬಿದ್ದ ಹಾಗೆ ಫೋನು ಮಾಡುತ್ತಾರೆ. ಯಾಕೆ ಹೀಗೆ ಎಂದು ಗೌರೀಶ ಎಷ್ಟೋ ಸಲ ಯೋಚಿಸಿದ್ದ. ಈಚೆಗೆ ಯೋಚಿಸುವುದನ್ನೂ ಬಿಟ್ಟಿದ್ದ.

ಈ ವರ್ಷ ಸಂಸ್ಥೆಯವರು ಹಳೆಯ ಪ್ರಿಂಟರುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಲು ಮನಸ್ಸು ಮಾಡಿದರು. ಒಟ್ಟು ಮೂವತ್ತನಾಲ್ಕು. ಹಳೆಯವು ಒಂದೊಂದು ಒಂದೊಂದು ಜಾತಿ. ಒಂದಕ್ಕೆ ಟೋನರ್ ಸಿಗುತ್ತಿರಲಿಲ್ಲ, ಇನ್ನೊಂದು ಬಿಸಿಲೇರಿದರೆ ಕಾಗದ ನುಂಗುತ್ತಿತ್ತು, ಮತ್ತೊಂದಕ್ಕೆ ಪಕ್ಕದಲ್ಲಿ ನಿಂತು ಬಡಿಯಲು ಒಬ್ಬ ಆಳು ಬೇಕಾಗಿತ್ತು. ಎಲ್ಲವೂ ಒಂದೇ ನಮೂನೆಯವು ಇರಲಿ, ಸಂಭಾಳಿಸುವುದು ಹಗುರ ಎಂದು ಬರೆದುಕೊಟ್ಟವನು ಗೌರೀಶನೇ. ಅಧ್ಯಕ್ಷ ಬಸಗೊಂಡಪ್ಪನವರು ಅದಕ್ಕೆ ಒಪ್ಪಿದ್ದಲ್ಲದೆ ಇನ್ನೊಂದು ಮಾತನ್ನೂ ಕೊಟ್ಟರು. "ಇದೊಂದ ಕೆಲಸಾ ಪಾರ ಮಾಡಿಕೊಡು ಗೌರೀಶ. ಜನೇವರಿಯಿಂದ ನೀ ಬನಹಟ್ಟಿ ಬಿಟ್ಟು ಎಲ್ಲೂ ಅಡ್ಡಾಡೂದ ಬ್ಯಾಡ. ತಿರಗಾಕ ಯಾರರ ಹೊಸಬರನ್ನ ತಗೊಳ್ಳೋಣ."

ಅವತ್ತು ಮನೆಗೆ ಹೋಗಿ ಹೆಂಡತಿ ಮಧುಮತಿಗೆ ಹೇಳಿದಾಗ ಅವಳು ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಬಿಸಿ ರೊಟ್ಟಿಯನ್ನು ಅವನು ಮಧ್ಯಾಹ್ನ ಮನೆಯಲ್ಲಿ ಕೂತು ತಿಂದದ್ದು ಭಾನುವಾರ ಮತ್ತು ಹಬ್ಬದಲ್ಲಷ್ಟೇ. ಗೌರೀಶನ ಸೊಂಟ ಬಸ್ಸಿನ ಕುಲುಕಾಟಕ್ಕೆ ಹಿಡಿದುಹೋಗಿತ್ತು. ಕಬ್ಬಿನ ಸೀಜನ್ ಬಂದರೆ ಮುಧೋಳದ ಹಾದಿಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ತಾಸುಗಟ್ಟಲೆ ಕೂರಬೇಕು. ಅವನಿಗೆ ಬೇಕಾಗಿದ್ದದ್ದು ಬಡ್ತಿಯಲ್ಲ, ಶಾಲು ಹಾರವಲ್ಲ. ಒಂದೇ ಊರಲ್ಲಿ ಇರುವುದು. ಅಷ್ಟೇ.

ಹಾಗಾಗಿ ಜೂನ್ ತಿಂಗಳಿಂದ ಅವನು ಮೈಮುರಿದು ದುಡಿದ. ದಸರೆಯ ಹೊತ್ತಿಗೆ ಮೂವತ್ತೊಂದು ಪ್ರಿಂಟರುಗಳನ್ನು ಹಾಕಿ ಮುಗಿಸಿದ್ದ. ಎಲ್ಲವೂ ಜಮಖಂಡಿಯಲ್ಲಿರುವ ಒಂದೇ ಪ್ರಿಂಟ್ ಸರ್ವರಿಗೆ ಸೇರಿದ್ದವು. ಯಾವ ಊರಿನ ಯಾವ ಕೋಣೆಯಲ್ಲಿ ಕಾಗದ ಬರಬೇಕು ಎಂಬುದನ್ನು ಈ ಸರ್ವರೇ ನೋಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಹೆಸರು ಆರಿಸಿ ಒತ್ತಿದರೆ ಜಮಖಂಡಿಯಲ್ಲಿ ಕೂತವರ ಕಾಗದ ಬೀಳಗಿಯಲ್ಲಿ ಹೊರಬೀಳುತ್ತದೆ. ಒಂದು ವಿಷಯ ಮಾತ್ರ ನೆನಪಿಡಬೇಕು: ಸರ್ವರಿಗೆ ಗೊತ್ತಿರುವುದು ಪ್ರಿಂಟರಿನೊಳಗಿನ ನಂಬರು, ಅದು ಕೂತ ಟೇಬಲ್ಲು ಅಲ್ಲ. ಪ್ರಿಂಟರನ್ನು ಎತ್ತಿ ಬೇರೆ ಕೋಣೆಯಲ್ಲಿಟ್ಟರೆ ನಂಬರೂ ಅದರ ಜೊತೆಗೇ ಹೋಗುತ್ತದೆ, ನಮ್ಮ ಮೊಬೈಲ್ ನಂಬರು ನಮ್ಮ ಜೊತೆ ಊರೂರು ತಿರುಗುವ ಹಾಗೆ.

ಇದನ್ನೆಲ್ಲ ತಿಳಿದೇ ಗೌರೀಶ ಒಂದು ನಿಯಮ ಮಾಡಿದ್ದ. ಯಾವುದೇ ಪ್ರಿಂಟರನ್ನು ಜಾಗದಿಂದ ಕದಲಿಸಿದರೆ ತಾನು ಸರ್ವರಿನಿಂದ ಒಂದು ಪರೀಕ್ಷಾ ಹಾಳೆ ಕಳಿಸಬೇಕು, ಆ ಊರಲ್ಲಿದ್ದವರು ಅದನ್ನು ಕೈಯಲ್ಲಿ ಹಿಡಿದು ಹಾಳೆಯ ಮೇಲಿನ ಹೆಸರು ಯಾವುದು, ತಾವು ನಿಂತ ಕೋಣೆ ಯಾವುದು, ಎರಡನ್ನೂ ಫೋನಿನಲ್ಲಿ ಓದಿ ಹೇಳಬೇಕು. ನಿಯಮ ಛಲೋ ಇತ್ತು. ಅದನ್ನು ಮುರಿದವನೂ ಅವನೇ.

ಆದದ್ದು ಇಷ್ಟು. ಬೇರೆ ಮೂರು ಊರಲ್ಲಿ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಮಾಡುವಾಗ ಯಂತ್ರಗಳು ಇದ್ದಲ್ಲೇ ಇರುತ್ತವೆ, ಸ್ವಾಮಿಗಳು ಕೋಣೆ ಕೋಣೆಗೆ ಹೋಗಿ ಆರತಿ ಬೆಳಗುತ್ತಾರೆ. ಮುಧೋಳದ ಪದ್ಧತಿ ಬೇರೆ. ಅಲ್ಲಿ ಪ್ರಯೋಗಾಲಯದ ತಕ್ಕಡಿಯಿಂದ ಹಿಡಿದು ಕಾಲೇಜಿನ ಗಂಟೆಯವರೆಗೆ ಎಲ್ಲವನ್ನೂ ಒಳಗಿನ ಹಾಲಿಗೆ ಹೊತ್ತು ತಂದು, ಒರೆಸಿ, ಸಾಲಾಗಿ ಜೋಡಿಸಿ ಒಂದೇ ಮಂಗಳಾರತಿ. ಅಲ್ಲಿ ಹಾಕಿದ್ದ ಎರಡೂ ಹೊಸ ಪ್ರಿಂಟರುಗಳಿಗಂತೂ ಈ ಸಲ ಮೊದಲ ಸಾಲಿನಲ್ಲಿ ಜಾಗ. ಹೊರುವ ಕೆಲಸ ಕಾಲೇಜಿನ ಸಿಪಾಯಿ ಹಾಲಸಿದ್ದಪ್ಪನದು. ನಿವೃತ್ತಿಗೆ ಒಂದೂವರೆ ವರ್ಷ ಉಳಿದ, ಯಾರಿಗೂ ಇಲ್ಲ ಅನ್ನದ ಮನುಷ್ಯ. ಗೌರೀಶ ಪ್ರತಿ ಪ್ರಿಂಟರಿನ ಹಣೆಯ ಮೇಲೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಅವನು ಭಕ್ತಿಯಿಂದ ಕಿತ್ತು, ನೀರುಬಟ್ಟೆಯಲ್ಲಿ ತಿಕ್ಕಿ, ಅದೇ ಜಾಗದಲ್ಲಿ ಭಂಡಾರದ ಅರಿಶಿನ ಹಚ್ಚಿದ. ಪೂಜೆ ಮುಗಿದ ಮೇಲೆ ಎಲ್ಲವನ್ನೂ ತಿರುಗಿ ಇಟ್ಟ. ಹಳೆಯ ಪ್ರಿಂಟರುಗಳಾಗಿದ್ದರೆ ಕಣ್ಣು ಮುಚ್ಚಿ ಗುರುತಿಸುತ್ತಿದ್ದ. ಹೊಸವು ಅವಳಿ ಜವಳಿ ಮಕ್ಕಳಂತೆ ಒಂದೇ ನಮೂನೆ. ಪರೀಕ್ಷಾ ಕೋಣೆಯದು ಗ್ರಂಥಾಲಯದ ಕೌಂಟರಿಗೆ ಹೋಯಿತು, ಗ್ರಂಥಾಲಯದ್ದು ಪರೀಕ್ಷಾ ಕೋಣೆಗೆ ಬಂತು.

ಹಬ್ಬ ಮುಗಿದ ಶನಿವಾರ ಗೌರೀಶ ಬೀಳಗಿಯ ಕೆಲಸ ಮುಗಿಸಿ, ಮೊಬೈಲಿನಿಂದಲೇ ಸರ್ವರಿಗೆ ಹೊಕ್ಕು, ಮುಧೋಳದ ಎರಡಕ್ಕೂ ಪರೀಕ್ಷಾ ಹಾಳೆ ಕಳಿಸಿದ. ಹಾಲಸಿದ್ದಪ್ಪನಿಗೆ ಫೋನು ಹಚ್ಚಿದ. ಅಷ್ಟರಲ್ಲಿ ಜಮಖಂಡಿ ಬಸ್ಸು ಬಂತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಂಬಿ, ಕಿವಿ ಭುಜದ ನಡುವೆ ಫೋನು.

"ಹಾಳಿ ಬಂದಾವೇನೋ ಹಾಲಸಿದ್ದಪ್ಪ?"

"ಬಂದಾವ್ರಿ ಸಾಹೇಬ್ರ. ಎರಡೂ ಬಂದಾವು. ಸ್ವಚ್ಛ ಬಂದಾವು ನೋಡ್ರಿ."

ಯಾವುದರಿಂದ ಯಾವುದು ಎಂದು ಕೇಳಬೇಕಿತ್ತು. ಹಿಂದಿನವರು ನೂಕುತ್ತಿದ್ದರು, ಕಂಡಕ್ಟರ್ ಒಳಗ ನಡೀರಿ ಎಂದು ಒದರುತ್ತಿದ್ದ, ಸೊಂಟ ಕಳಚಿ ಬೀಳುವಂತಿತ್ತು. "ಆತು ಇಡು" ಎಂದ. ಸೀಟು ಸಿಕ್ಕ ಮೇಲೆ ಪ್ರಿಂಟರುಗಳ ತಪಾಸಣೆ ಬರೆದಿಡುವ ತಖ್ತೆಯಲ್ಲಿ ಮುಧೋಳದ ಎದುರಿಗೆ ‘ಪರಿಶೀಲಿಸಲಾಗಿದೆ’ ಎಂದು ತುಂಬಿದ. ನಿದ್ದೆ ಹೋದ.

ಮುಂದಿನ ಬುಧವಾರ ನಾಲ್ಕೂ ಕಾಲೇಜಿಗೆ ಸೇರಿ ಒಂದೇ ಪ್ರಶ್ನೆಪತ್ರಿಕೆಯ ಮಧ್ಯಂತರ ಪರೀಕ್ಷೆ. ಮೊದಲೆಲ್ಲ ಪತ್ರಿಕೆಗಳ ಗಂಟು ಬಸ್ಸಿನಲ್ಲಿ ಹೋಗುತ್ತಿತ್ತು. ಈ ಸಲ ಹೊಸ ಪ್ರಿಂಟರುಗಳ ಉತ್ಸಾಹದಲ್ಲಿ, ಪರೀಕ್ಷೆಗೆ ಮುಕ್ಕಾಲು ತಾಸು ಮೊದಲು ಜಮಖಂಡಿಯಿಂದಲೇ ಪ್ರತಿ ಊರಿನ ಬೀಗ ಹಾಕಿದ ಪರೀಕ್ಷಾ ಕೋಣೆಗೆ ಪ್ರಿಂಟ್ ಕಳಿಸುವುದು ಎಂದಾಯಿತು. ಕಳಿಸುವ ಜವಾಬ್ದಾರಿ ಪರೀಕ್ಷಾ ವಿಭಾಗದ ಬ್ರಾಹ್ಮಿಯದು. ತೇರದಾಳದ ಪಾಯಪ್ಪ ಎಂಬ ಜವಳಿ ವ್ಯಾಪಾರಿಯ ಮಗಳು, ಇಪ್ಪತ್ತಾರು ವರ್ಷ, ವರ್ಷ ವರ್ಷ ಆದೇಶ ಹೊಸದಾಗಿ ಬರೆಸಿಕೊಳ್ಳುವ ತಾತ್ಕಾಲಿಕ ನೌಕರಿ. ನವೆಂಬರಿನಲ್ಲಿ ಆದೇಶ ಮುಂದುವರಿಯಬೇಕಿತ್ತು. ಒಂದಕ್ಷರ ತಪ್ಪಿದರೆ ಇಡೀ ಹಾಳೆ ಮತ್ತೆ ಬೆರಳಚ್ಚು ಮಾಡುವ ಹುಡುಗಿ.

ಒಂಬತ್ತೂಕಾಲಿಗೆ ಅವಳು ನಾಲ್ಕು ಹೆಸರು ಆರಿಸಿ ಒತ್ತಿದಳು. ಮೂರು ಊರಲ್ಲಿ ಪತ್ರಿಕೆ ಬರಬೇಕಾದಲ್ಲಿ ಬಂತು. ಮುಧೋಳದಲ್ಲಿ ಗ್ರಂಥಾಲಯದ ಕೌಂಟರಿನ ಮೇಲೆ, ಓದುತ್ತ ಕೂತಿದ್ದ ನಲವತ್ತು ವಿದ್ಯಾರ್ಥಿಗಳ ಮುಂದೆ, ಪ್ರಶ್ನೆಪತ್ರಿಕೆ ಒಂದಾದ ಮೇಲೊಂದು ಉದುರತೊಡಗಿತು. ಗ್ರಂಥಪಾಲಕಿ ಕೈಯಿಂದ ಮುಚ್ಚುವಷ್ಟರಲ್ಲಿ ಯಾರೋ ಫೋಟೋ ಹೊಡೆದಿದ್ದರು. ಹತ್ತು ನಿಮಿಷಕ್ಕೆ ಅದು ನಾಲ್ಕೂ ಊರು ಮುಟ್ಟಿತು. ಪರೀಕ್ಷೆ ರದ್ದಾಯಿತು. ಸಾವಿರದ ಮೇಲೆ ಮಕ್ಕಳು ಬಂದ ಹಾದಿಗೆ ವಾಪಸ್ ಹೋದರು. ಅಧ್ಯಕ್ಷರಿಗೆ ಊರೂರಿನಿಂದ ಬೈಗುಳದ ಫೋನು.

ಯಾರ ತಪ್ಪು ಎಂದು ಹುಡುಕಲು ಯಾರಿಗೂ ಐದು ನಿಮಿಷ ಹಿಡಿಯಲಿಲ್ಲ. ಪಟ್ಟಿಯಲ್ಲಿ ‘ಮುಧೋಳ ಗ್ರಂಥಾಲಯ’ ಮತ್ತು ‘ಮುಧೋಳ ಪರೀಕ್ಷೆ’ ಒಂದರ ಕೆಳಗೊಂದು ಇದ್ದವು. ಹುಡುಗಿ ಅವಸರದಲ್ಲಿ ಮೇಲಿನದನ್ನು ಒತ್ತಿದ್ದಾಳೆ ಎಂದು ಎಲ್ಲರೂ ಅಂದರು. ಕೆಟ್ಟದ್ದೇನೆಂದರೆ ಅವಳೂ ಹಾಗೇ ಅಂದಳು. ಮುಖ ಬಿಳಚಿಕೊಂಡು, "ನನ್ನ ಕೈ ತಪ್ಪಿರಬೇಕ್ರಿ. ನಾನಽ ಒತ್ತೇನಿ ಕಾಣಸ್ತೈತಿ" ಎಂದಳು. ಕಮಿಟಿ ಮುಂದಿನ ವಾರದ ಶನಿವಾರ ಸೇರುವುದೆಂದೂ, ಅವಳನ್ನು ನವೆಂಬರಿನಿಂದ ಮುಂದುವರಿಸಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನವೆಂದೂ ನೋಟಿಸ್ ಬಂತು. ಬೇಡ ಎಂದೇ ಆಗುತ್ತದೆ ಎಂಬುದು ಚಹಾದಂಗಡಿಯವನಿಗೂ ಗೊತ್ತಿತ್ತು.

ಗುರುವಾರ ಮುಂಜಾನೆ ಗೌರೀಶ ಮೊದಲ ಬಸ್ಸಿಗೆ ಮುಧೋಳಕ್ಕೆ ಹೋದ. ಫೋನಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಹಿಂದಿನ ದಿನದಿಂದಲೇ ಅವನಿಗೆ ನೆನಪಾಗುತ್ತಿತ್ತು. ಗ್ರಂಥಾಲಯದ ಪ್ರಿಂಟರನ್ನು ತಿರುಗಿಸಿ ಹಿಂಭಾಗದ ನಂಬರು ನೋಡಿದ. ಅದು ಪರೀಕ್ಷಾ ಕೋಣೆಯದು. ಅಲ್ಲೇ ಸ್ಟೂಲಿನ ಮೇಲೆ ಕೂತ. ಗ್ರಂಥಪಾಲಕಿಯನ್ನು ಕೇಳಿದರೆ, ಹಬ್ಬ ಆದಾಗಿನಿಂದ ತನ್ನ ಕಾಗದಗಳು ಬರುತ್ತಲೇ ಇಲ್ಲವೆಂದೂ, ಎಂದಿನಂತೆ ಕೆಟ್ಟಿರಬೇಕೆಂದು ಸುಮ್ಮನಿದ್ದೆನೆಂದೂ ಹೇಳಿದಳು. ಅವಳನ್ನು ಏನನ್ನುವುದು? ಹತ್ತೊಂಬತ್ತು ವರ್ಷ ಪ್ರಿಂಟರ್ ಕೆಡುವುದೇ ಅಲ್ಲಿ ರೂಢಿ.

ಹಾಲಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. "ಏನರ ಆಗೇತೇನ್ರಿ ಸಾಹೇಬ್ರ?"

"ಏನಿಲ್ಲ. ನೀ ಹೋಗು, ಒಂದ ಕಪ್ ಚಹಾ ತಾ."

ಅವನು ಹೋದ ಮೇಲೆ ಗೌರೀಶ ಎರಡು ಪ್ರಿಂಟರುಗಳನ್ನೂ ಅವುಗಳ ಜಾಗಕ್ಕೆ ಬದಲಿಸಿದ. ಸೊಂಟ ಹಿಡಿದುಕೊಂಡು ಒಬ್ಬನೇ ಹೊತ್ತ. ಹೊಸ ಚೀಟಿ ಅಂಟಿಸಿದ. ಚಹಾ ಬರುವಷ್ಟರಲ್ಲಿ ಎಲ್ಲ ಸರಿಯಿತ್ತು, ಏನೂ ನಡೆದೇ ಇಲ್ಲ ಎಂಬ ಹಾಗೆ.

ಜಮಖಂಡಿಗೆ ಬಂದು ಸರ್ವರಿನ ದಾಖಲೆ ತೆಗೆದ. ಯಾರು, ಎಷ್ಟು ಹೊತ್ತಿಗೆ, ಯಾವ ಪ್ರಿಂಟರಿಗೆ ಏನು ಕಳಿಸಿದರು ಎಂಬುದೆಲ್ಲ ಅಲ್ಲಿ ತಾನಾಗಿಯೇ ಬರೆದಿಟ್ಟಿರುತ್ತದೆ. ಬುಧವಾರ, ಒಂಬತ್ತು ಗಂಟೆ ಹದಿನೈದು ನಿಮಿಷ, ಬ್ರಾಹ್ಮಿ, ‘ಮುಧೋಳ ಪರೀಕ್ಷೆ’. ಹುಡುಗಿ ಸರಿಯಾದದ್ದನ್ನೇ ಒತ್ತಿದ್ದಳು. ಕೈ ತಪ್ಪಿರಲಿಲ್ಲ, ಕಣ್ಣು ತಪ್ಪಿರಲಿಲ್ಲ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಪಾಪ ಹಾಲಸಿದ್ದಪ್ಪ ಸಿಕ್ಕಿಬೀಳುತ್ತಾನೆ, ನಿವೃತ್ತಿಯ ಹೊಸ್ತಿಲಲ್ಲಿ ಇರುವವನು, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಎಷ್ಟು ಒಳ್ಳೆಯ ಕಾರಣ! ಅದರ ಹಿಂದೆ ಜನೇವರಿ ಕೂತಿತ್ತು, ಬನಹಟ್ಟಿ ಕೂತಿತ್ತು, ಮಧ್ಯಾಹ್ನದ ಬಿಸಿ ರೊಟ್ಟಿ ಕೂತಿತ್ತು. ‘ಪರಿಶೀಲಿಸಲಾಗಿದೆ’ ಎಂದು ಪರಿಶೀಲಿಸದೆ ಬರೆದವನಿಗೆ ಯಾವ ಅಧ್ಯಕ್ಷರು ತಾನೇ ಕೇಳಿದ ಊರು ಕೊಡುತ್ತಾರೆ? ಇನ್ನು ಮೂರೇ ಪ್ರಿಂಟರು ಬಾಕಿ ಇದ್ದವು. ಅವನು ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಆದರೆ ಆ ವಾರ ಎರಡಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ ಎಂದೇ ಹೇಳಬೇಕು.

ಶುಕ್ರ, ಶನಿ ಹೋಯಿತು. ಸೋಮವಾರ ಬೀಳಗಿ, ಮಂಗಳವಾರ ಬನಹಟ್ಟಿ, ಬುಧವಾರ ಮತ್ತೆ ಬೀಳಗಿ. ಒಂದು ಪ್ರಿಂಟರು ಹಾಕಿದ, ಎರಡು ಉಳಿದವು. ಬಸ್ಸಿನಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅದೇ ದೊಡ್ಡ ಆಶ್ಚರ್ಯ. ನಿಂತಲ್ಲೇ ನಿದ್ದೆ ಹೋಗುತ್ತಿದ್ದವನು ಕಿಟಕಿಯ ಪಕ್ಕ ಸೀಟು ಸಿಕ್ಕರೂ ಕಣ್ಣು ಬಿಟ್ಟುಕೊಂಡು ಕಬ್ಬಿನ ಗದ್ದೆ ಎಣಿಸುತ್ತಿದ್ದ.

ಗುರುವಾರ ಸಂಜೆ ಜಮಖಂಡಿಯಲ್ಲಿ ವಾರದ ದಾಖಲೆ ತಿರುವಿ ಹಾಕುತ್ತಿರುವಾಗ ಒಂದು ವಿಚಿತ್ರ ಕಂಡಿತು. ಶುಕ್ರವಾರದಿಂದ ದಿನಾ ಸಂಜೆ ಐದೂವರೆಗೆ, ಎಲ್ಲರೂ ಮನೆಗೆ ಹೋದ ಮೇಲೆ, ‘ಮುಧೋಳ ಪರೀಕ್ಷೆ’ ಎಂಬ ಹೆಸರಿಗೆ ಒಂದರ ಹಿಂದೊಂದು ಹಾಳೆ ಹೋಗಿದ್ದವು. ಒಂದು ದಿನ ಇಪ್ಪತ್ತು, ಇನ್ನೊಂದು ದಿನ ಮೂವತ್ತು. ಎಲ್ಲವೂ ಖಾಲಿ ಹಾಳೆ. ಎಲ್ಲವನ್ನೂ ಕಳಿಸಿದವರೇ ತಕ್ಷಣ ರದ್ದು ಮಾಡಿದ್ದರು. ಸರ್ವರಿಗೆ ಏನೋ ರೋಗ ಬಂತು, ಇನ್ನೊಂದು ತಲೆನೋವು ಎಂದುಕೊಂಡ. ಕಳಿಸಿದವರ ಹೆಸರು ನೋಡಿದ. ಬ್ರಾಹ್ಮಿ.

ಶುಕ್ರವಾರ ಸಂಜೆ ಐದೂವರೆಗೆ ಅವನು ಪರೀಕ್ಷಾ ವಿಭಾಗಕ್ಕೆ ಹೋದ. ಅವಳೊಬ್ಬಳೇ ಇದ್ದಳು. ಬೆನ್ನು ನೆಟ್ಟಗೆ ಮಾಡಿ, ಪರದೆಗೆ ಮುಖ ಹತ್ತಿರ ಹಿಡಿದು, ತುಟಿಯಲ್ಲಿ ಹೆಸರು ಓದಿಕೊಳ್ಳುತ್ತ ಒತ್ತುತ್ತಿದ್ದಳು. ಒತ್ತಿದ್ದನ್ನು ರದ್ದು ಮಾಡಿ, ಪಕ್ಕದ ಕಾಗದದ ಮೇಲೆ ಒಂದು ಗೆರೆ ಎಳೆದು, ಮತ್ತೆ ಮೊದಲಿನಿಂದ.

"ಏನ್ ಮಾಡಾಕತ್ತೀಯವಾ ತಂಗಿ?"

ಬೆಚ್ಚಿ ಎದ್ದು ನಿಂತಳು. "ಏನಿಲ್ರಿ ಸರ್ರ. ಕೈ ತಿದ್ದಾಕತ್ತೇನ್ರಿ."

"ಕೈ ತಿದ್ದೂದು ಅಂದ್ರ?"

"ದಿನಾ ಒತ್ತಿ ನೋಡ್ತೇನ್ರಿ, ಎಷ್ಟ ಸಲಾ ತಪ್ಪತೈತಿ ಅಂತ. ಈ ವಾರದಾಗ ಒಮ್ಮೆನೂ ತಪ್ಪಿಲ್ರಿ. ಅವತ್ತೊಂದ ದಿನ ಹೆಂಗ ತಪ್ಪಿತು ಅನ್ನೂದಽ ತಿಳೀವಲ್ತು." ಅವಳ ದನಿಯಲ್ಲಿ ಅಳು ಇರಲಿಲ್ಲ, ಲೆಕ್ಕ ತಾಳೆಯಾಗದವರ ಗೊಂದಲವಿತ್ತು. "ನಾ ಮ್ಯಾಲಿಂದ ಒತ್ತಿದ ನೆನಪಽ ಇಲ್ರಿ ಸರ್ರ. ಆದ್ರ ಕಾಗದಾ ಅಲ್ಲೇ ಬಂದೈತಿ ಅಂದ್ಮ್ಯಾಲೆ ಒತ್ತಿರಬೇಕಲ್ರಿ. ನನ್ನ ನೆನಪಿನ ಮ್ಯಾಲೆ ನನಗಽ ನಂಬಿಗಿ ಹೋಗೇತ್ರಿ."

ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಮರುದಿನ ಕಮಿಟಿಯ ಮುಂದೆ ಇಡಬೇಕಾದ ಕ್ಷಮಾಪಣೆ ಪತ್ರ. ‘ನನ್ನ ಅಜಾಗರೂಕತೆಯಿಂದ ತಪ್ಪು ಪ್ರಿಂಟರ್ ಆಯ್ಕೆಯಾಗಿ’ ಎಂದು ಶುರುವಾಗುತ್ತಿತ್ತು. ಪ್ರಿಂಟರಿನ ವಿಷಯದಲ್ಲಿ ಶಬ್ದ ಏನಾದರೂ ತಪ್ಪಿದ್ದರೆ ತಿದ್ದಿಕೊಡಿ ಎಂದು ಕೇಳಿದಳು. ಗೌರೀಶ ಓದಿದ. ಒಂದಕ್ಷರ ತಪ್ಪಿರಲಿಲ್ಲ. ಅವನಿಗೆ ಮೈಯೆಲ್ಲ ನಾಚಿಕೆ ಏರಿತು. ಬಾಯಿ ತೆರೆದ. ಹೇಳುವ ಬದಲು "ಛಲೋ ಬರದೀಯವಾ" ಎಂದು ಹಾಳೆ ವಾಪಸ್ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದ.

ಮನೆಯಲ್ಲಿ ಮಧುಮತಿ ಊಟಕ್ಕೆ ಬಡಿಸಿದಳು. ಅವನು ತಟ್ಟೆ ಮುಂದೆ ಇಟ್ಟುಕೊಂಡು ಎಲ್ಲವನ್ನೂ ಹೇಳಿದ. ಬಸ್ಸು ಹತ್ತುತ್ತ ಫೋನು ಮಾಡಿದ್ದು, ಪ್ರಿಂಟರು ಕದ್ದು ಬದಲಿಸಿದ್ದು, ಹುಡುಗಿ ಖಾಲಿ ಹಾಳೆ ಒತ್ತುತ್ತ ಕೂತಿದ್ದು. ಹೊರಗೆ ಓಣಿಯ ಪವರ್‌ಲೂಮುಗಳು ಖಟಖಟ ಬಡಿಯುತ್ತಿದ್ದವು.

"ಹೇಳಿದ್ರ ಜನೇವರಿ ಹೋತು" ಎಂದ ಕೊನೆಗೆ.

"ಹೋತು" ಎಂದಳು ಅವಳು. ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು. "ಹೇಳ್ರಿ. ಹೇಳದಽ ಮನ್ಯಾಗ ಕುಂತು ಉಣ್ಣಾಕ ನಿಮಗ ಆಗೂದಿಲ್ಲ. ಆದ್ರ ನನಗ ಸಿಟ್ಟ ಬಂದಿಲ್ಲ ಅಂತ ತಿಳ್ಕೋಬ್ಯಾಡ್ರಿ. ಭಾಳ ಬಂದೈತಿ."

ಶನಿವಾರ ಹನ್ನೊಂದಕ್ಕೆ ಕಮಿಟಿ ಸೇರಿತು. ಉದ್ದ ಟೇಬಲ್ಲಿನ ತುದಿಗೆ ಬಸಗೊಂಡಪ್ಪನವರು, ಆಚೀಚೆ ನಾಲ್ಕು ಜನ ಸದಸ್ಯರು. ಬ್ರಾಹ್ಮಿ ಗೋಡೆಯ ಪಕ್ಕ ನಿಂತಿದ್ದಳು, ಕೈಯಲ್ಲಿ ಪತ್ರ. ಗೌರೀಶನನ್ನು ಕರೆಸಿದ್ದು ಇನ್ನು ಮುಂದೆ ಹೀಗಾಗದಂತೆ ಏನು ಮಾಡಬೇಕು ಎಂದು ಕೇಳಲು ಮಾತ್ರ. ಅವಳು ಪತ್ರ ಓದಲು ಶುರು ಮಾಡಿದ ಕೂಡಲೇ ಅವನು ಎದ್ದು ನಿಂತ.

"ಅದನ್ನ ಓದಸಬ್ಯಾಡ್ರಿ ಸಾಹೇಬ್ರ. ತಪ್ಪ ಆಕಿದಲ್ಲ, ನಂದು."

ಮೂರು ಹಾಳೆ ಟೇಬಲ್ಲಿನ ಮೇಲಿಟ್ಟ. ಒಂದು, ಅವಳು ಸರಿಯಾದ ಹೆಸರು ಒತ್ತಿದ್ದಳೆಂಬ ಸರ್ವರಿನ ದಾಖಲೆ. ಇನ್ನೊಂದು, ತಾನು ‘ಪರಿಶೀಲಿಸಲಾಗಿದೆ’ ಎಂದು ತುಂಬಿದ ತಖ್ತೆ. ಮೂರನೆಯದು, ತಾನೇ ಮಾಡಿದ ನಿಯಮ. ಪೂಜೆಯಲ್ಲಿ ಪ್ರಿಂಟರುಗಳು ಹೇಗೆ ಅದಲುಬದಲಾದವು ಎಂಬುದನ್ನು ಬಿಡಿಸಿ ಹೇಳಿದ. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಬಸಗೊಂಡಪ್ಪನವರು ಕನ್ನಡಕ ಹಾಕಿಕೊಂಡು ಮೂರೂ ಹಾಳೆ ನೋಡಿದರು. ತೆಗೆದಿಟ್ಟರು. "ಅಂದ್ರ ಹಾಲಸಿದ್ದಪ್ಪ ಅದಲಿ ಬದಲಿ ಇಟ್ಟಾನ."

"ಇಟ್ಟಾಂವ ಅವನಽ ಖರೆ. ನೋಡಬೇಕಾದಾಂವ ನಾನು. ಅವಗ ಎರಡೂ ಒಂದಽ ಕಾಣತಾವ್ರಿ. ಎಲ್ಲಾ ಒಂದಽ ನಮೂನಿ ತರಸ್ರಿ ಅಂತ ಹೇಳಿದಾಂವನೂ ನಾನಽ."

ಒಬ್ಬ ಸದಸ್ಯರು ನಕ್ಕರು, ಇನ್ನೊಬ್ಬರು ಮುಧೋಳದ ಪೂಜೆಯ ಪದ್ಧತಿಯನ್ನೇ ಬದಲಿಸಬೇಕು ಅಂದರು. ಅದಕ್ಕೆ ಮೂರನೆಯವರು ಸಿಟ್ಟಾದರು, ಅರವತ್ತು ವರ್ಷದ ಪದ್ಧತಿ, ನಿಮ್ಮ ಡಬ್ಬಿಗಳಿಗಾಗಿ ಬಿಡಬೇಕೇನು ಎಂದು. ಹತ್ತು ನಿಮಿಷ ಆ ಜಗಳವೇ ನಡೆಯಿತು. ಬ್ರಾಹ್ಮಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಟೇಬಲ್ಲಿನ ಮೇಲಿನ ಮೊದಲ ಹಾಳೆಯ ಮೇಲಿತ್ತು.

ಕೊನೆಗೆ ಬಸಗೊಂಡಪ್ಪನವರು ಕೈ ಎತ್ತಿದರು. ಹುಡುಗಿಯ ಆದೇಶ ಮುಂದುವರಿಸಬೇಕು, ಕ್ಷಮಾಪಣೆಯ ಪತ್ರ ಅವಳ ಹತ್ತಿರವೇ ಇರಲಿ ಎಂದರು. ಹಾಲಸಿದ್ದಪ್ಪನಿಗೆ ಯಾರೂ ಏನೂ ಅನ್ನಕೂಡದು ಎಂದರು. ಆಮೇಲೆ ಗೌರೀಶನ ಕಡೆ ತಿರುಗಿದರು. "ಜನೇವರಿ ಮಾತ ಬಿಡು. ನಾಕೂ ಊರು ಇನ್ನ ನೀನಽ ನೋಡು. ಹೊಸಬರನ್ನ ತಗೊಳ್ಳೂದಿಲ್ಲ."

"ಆತ್ರಿ" ಎಂದ ಗೌರೀಶ.

ಹೊರಗೆ ಬಂದಾಗ ಅವನಿಗೆ ದುಃಖಕ್ಕಿಂತ ಮೊದಲು ನಿರಾಳ ಅನ್ನಿಸಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ನೌಕರಿ ಉಳಿಯಿತು, ಹೇಳುವುದನ್ನು ಹೇಳಿದ್ದಾಯಿತು. ಯಾವಾಗ ಗೊತ್ತಾಯಿತು ಎಂದು ಒಳಗೆ ಯಾರೂ ಕೇಳಿರಲಿಲ್ಲ, ಅದಂತೂ ದೊಡ್ಡ ಪುಣ್ಯ ಅನ್ನಿಸಿತು. ಇವತ್ತಾದರೂ ಬಸ್ಸಿನಲ್ಲಿ ನಿದ್ದೆ ಬರಬಹುದು ಎಂದುಕೊಂಡು ಮೆಟ್ಟಿಲಿಳಿಯುತ್ತಿರುವಾಗ ಬ್ರಾಹ್ಮಿ ಹಿಂದಿನಿಂದ ಕರೆದಳು.

"ಸರ್ರ. ನಿಮಗ ಇದು ಯಾವತ್ತ ಗೊತ್ತಾತ್ರಿ?"

ಸುಳ್ಳು ಹೇಳಬಹುದಿತ್ತು. ನಿನ್ನೆ ಅಂದಿದ್ದರೆ ಅವಳು ನಂಬುತ್ತಿದ್ದಳು, ಕೈ ಮುಗಿಯುತ್ತಿದ್ದಳು ಕೂಡ.

"ಮರುದಿನ ಮುಂಜಾನೆ. ಗುರುವಾರ."

ಅವಳು ಬೆರಳು ಮಡಿಸಿ ಎಣಿಸಲಿಲ್ಲ. ಎಣಿಕೆ ಅವಳಿಗೆ ಬಾಯಿಪಾಠವಿತ್ತು. "ಒಂಬತ್ತ ದಿನಾ ಆತ್ರಿ" ಎಂದಳು.

"ಹೂಂ. ದಣಿದಿದ್ನೆವಾ. ಭಾಳ ದಣಿದಿದ್ದೆ. ಅದು ಕಾರಣಲ್ಲ, ಗೊತ್ತೈತಿ. ನೀ ಸರಿ ಒತ್ತೀದಿ ಅಂತ ಅವತ್ತಽ ಹೇಳಬೇಕಿತ್ತು."

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಛಲೋ ಇತ್ತು. ಬಿಸಿಲಿಗೆ ಅವಳ ಮುಖ ಸೊರಗಿ ಸಣ್ಣದಾಗಿ ಕಂಡಿತು. ಹತ್ತು ದಿನದ ಹಿಂದಿನ ಮುಖಕ್ಕಿಂತ ನಿಜವಾಗಿಯೂ ಸಣ್ಣದಾಗಿತ್ತು ಎಂಬುದು ಅವನಿಗೆ ಆಗಲೇ ಹೊಳೆಯಿತು.

"ಮೈಯಾಗ ಆರಾಮ ಇಲ್ಲೇನವಾ?"

"ಆರಾಮ ಅದೀನ್ರಿ. ಒಪ್ಪತ್ತು ಮಾಡಾಕತ್ತೇನಿ." ತೇರದಾಳದಲ್ಲಿ ಚಾತುರ್ಮಾಸಕ್ಕೆ ಬಂದು ಉಳಿದಿದ್ದ ಜೈನ ಮಾತಾಜಿಯವರ ಮುಂದೆ, ಪರೀಕ್ಷೆ ರದ್ದಾದ ಮೇಲಿನ ಶುಕ್ರವಾರ, ಬಸದಿಯಲ್ಲಿ ನಿಯಮ ತೆಗೆದುಕೊಂಡಿದ್ದಳಂತೆ. ಹನ್ನೊಂದು ದಿನ, ದಿನಕ್ಕೆ ಒಂದೇ ಊಟ, ಅದೂ ಉಪ್ಪಿಲ್ಲದ್ದು. "ಅಷ್ಟ ಮಕ್ಕಳು ನನ್ನಿಂದ ಸುಮ್ಮಸುಮ್ಮನ ಬಂದು ಹ್ವಾದ್ರಲ್ರಿ. ನಮ್ಮಪ್ಪಗ ನನ್ನ ಕೂಡ ಮಾತಾಡಾಕ ಮನಸ್ ಬರವಲ್ದಾಗಿತ್ತು. ಏನರ ಮಾಡಬೇಕನಸ್ತು."

ಮೂರು ಹಾಳೆ ಟೇಬಲ್ಲಿನ ಮೇಲಿಟ್ಟು ಎಲ್ಲ ತೀರಿಸಿ ಬಂದೆ ಎಂದುಕೊಂಡಿದ್ದ ಗೌರೀಶ. ತಾನು ಬಸ್ಸಿನಲ್ಲಿ ನಿದ್ದೆ ಬರಲಿಲ್ಲವೆಂದು ತನಗಾಗಿ ತಾನೇ ಮರುಗುತ್ತಿದ್ದ ಅಷ್ಟೂ ದಿನ ಈ ಹುಡುಗಿ ಅವನ ತಪ್ಪಿಗೆ ಹಸಿದು ಕೂತಿದ್ದಳು.

"ಇವತ್ತಽ ಬಿಟ್ಟಬಿಡವಾ ತಂಗಿ. ಹೋಗಿ ಹೊಟ್ಟಿ ತುಂಬ ಉಣ್ಣು. ತಪ್ಪು ನಿಂದಲ್ಲಂತ ಈಗ ಗೊತ್ತಾತಲ್ಲ."

"ಗೊತ್ತಾತ್ರಿ" ಎಂದಳು ಬ್ರಾಹ್ಮಿ. ಕ್ಷಮಾಪಣೆಯ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. "ಆದ್ರ ಹಿಡದ ನಿಯಮಾ ನಡು ಬಿಡಾಕ ಬರೂದಿಲ್ರಿ ಸರ್ರ. ಇನ್ನ ಎರಡ ದಿನಾ ಉಳದಾವು."

ನಮಸ್ಕಾರ ಮಾಡಿ ತೇರದಾಳದ ಬಸ್ಸಿಗೆ ಹೋದಳು. ಗೌರೀಶ ಮೆಟ್ಟಿಲ ಮೇಲೆಯೇ ನಿಂತ. ಬೀಳಗಿಯಿಂದ ಮೂರನೇ ಸಲ ಫೋನು ಬರುತ್ತಿತ್ತು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿರಬೇಕು. ಎತ್ತಿಕೊಂಡು, ಬರುತ್ತೇನೆ ಎಂದ.